ಚಿನ್ನದ ಗಣಿಯ ಕೂಲಿಕಾರರು: ಕೋಲಾರ ಸೀಮೆಯ ಉದ್ಯೋಗ ಚರಿತ್ರೆಯನ್ನು ಕುರಿತು

ಕೋಲಾರದ ಚಿನ್ನದ ಗಣಿಗಳ ವಿಷಯವಾಗಿ ಬರೆದವರು ಸಾಮಾನ್ಯವಾಗಿ ಚಿನ್ನದ ಲೆಕ್ಕವನ್ನೇ ಕೊಡುತ್ತಾರೆ. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನ ಹೊರಬಂದಿತು, ಬಾವಿಗಳು ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದುವು, ಏಷ್ಯಾದಲ್ಲೇ ಮೊದಲಿಗೆ ಅತಿ ದೂರದಿಂದ ವಿದ್ಯುಚ್ಛಕ್ತಿ ಬಂದದ್ದು ಇಲ್ಲಿಗೆ ಎಂಬಿವೇ ಮಾತುಗಳು ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿವೆ. ಇವೆಲ್ಲ ನಿಜವೇ. ಆದರೆ ಆ ಬಾವಿಗಳಲ್ಲಿ ಇಳಿದವರು ಯಾರು, ಎಲ್ಲಿಂದ ಬಂದರು, ಏಕೆ ಬಂದರು, ಅವರ ಸಂಖ್ಯೆ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದನ್ನು ವಿಚಾರಿಸಿದವರು ಕಡಮೆ. ಗಡಿನಾಡಿನ ಉಪಾಧ್ಯಾಯರಾದ ನಮಗೆ ಈ ವಿಚಾರ ಬೇರೊಂದು ಕಾರಣದಿಂದಲೂ ಮುಖ್ಯವಾದುದು. ನಮ್ಮ ಸಭೆ ಸಮಾರಂಭಗಳಲ್ಲಿ, ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ ಒಂದು ಮಾತು ಆಗಾಗ ಕೇಳಿ ಬರುತ್ತದೆ: "ಗಣಿ ಕನ್ನಡನಾಡಿನದು, ಕೂಲಿ ಮಾತ್ರ ಪರನಾಡಿನವರದು." ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಅನ್ಯಾಯ ಎಂಬುದನ್ನು ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಸ್ವಾರಸ್ಯವನ್ನು ಹೇಳಬೇಕು. ಕೋಲಾರದ ಚಿನ್ನವನ್ನು ಇಂಗ್ಲಿಷರ ಕಾಗದಪತ್ರಗಳಿಗೆ ಏರಿಸಿದವನು ಗಣಿ ಹುಡುಕುತ್ತ ಬಂದವನಲ್ಲ, ಗಡಿ ಅಳೆಯುತ್ತ ಬಂದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಹೊಸ ಎಲ್ಲೆಗಳನ್ನು ಗೊತ್ತುಮಾಡಬೇಕಾಯಿತಷ್ಟೆ. ಪೂರ್ವದ ಎಲ್ಲೆಯನ್ನು ಅಳೆಯುವ ಕೆಲಸ 33ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತನ ಪಾಲಿಗೆ ಬಂದಿತು. 1802ರಲ್ಲಿ ಆತ ಊರಿಗಾಮಿನ ಸುತ್ತ ಚಿನ್ನ ಸಿಕ್ಕುತ್ತದೆಂಬ ವದಂತಿ ಕೇಳಿ, ತೋರಿಸಿಕೊಟ್ಟವರಿಗೆ ಬಹುಮಾನವೆಂದು ಸಾರಿಸಿದ. ಹಳ್ಳಿಗರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೆಗೆದು ತೋರಿಸಿದರು. ಮಾರಿಕುಪ್ಪದಲ್ಲಿ ಆಳವಾದ ಹಳೆಯ ಗುಂಡಿಗಳಿದ್ದುವು. ಕೆಳಗೆ ಗಂಡಸರು ಕಲ್ಲನ್ನು ಒಡೆಯುವರು, ಅದು ಬುಟ್ಟಿಯಲ್ಲಿ ಕೈಯಿಂದ ಕೈಗೆ ಮೇಲೇರುವುದು, ಮೇಲೆ ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುವರು. ಈ ಕೆಲಸದವರು ಊರ ಹೊರಗಿನ ಕೇರಿಗಳ ಬಡವರು. ಇದು ಅವರಿಗೆ ವರ್ಷವಿಡೀ ನಡೆಯುವ ವೃತ್ತಿಯೂ ಅಲ್ಲ. ಕೃಷಿ ಕೂಲಿ ಇಲ್ಲದ ದಿನಗಳ ಹೊಟ್ಟೆಪಾಡು.

ಈ ಚಿತ್ರದಲ್ಲಿ ಎರಡು ಅಂಶಗಳನ್ನು ಗುರುತಿಸಿಕೊಳ್ಳಬೇಕು. ಒಂದು, ಕಂಪನಿಗಳು ಬರುವುದಕ್ಕೆ ಮೊದಲೇ ಈ ಉದ್ಯೋಗ ಅತ್ಯಂತ ಬಡವರ, ಜಾತಿಯಿಂದ ಕೆಳಗಿಡಲ್ಪಟ್ಟವರ ಪಾಲಿನದಾಗಿತ್ತು. ಎರಡು, ಅದರಲ್ಲಿ ಹೆಂಗಸರ ಪಾಲು ಗಂಡಸರಿಗಿಂತ ಕಡಮೆಯದಾಗಿರಲಿಲ್ಲ. ಮೊದಲನೆಯದು ಕೊನೆಯವರೆಗೂ ಉಳಿಯಿತು. ಎರಡನೆಯದು ಯಂತ್ರ ಬಂದೊಡನೆ ಕ್ರಮಕ್ರಮವಾಗಿ ಅಳಿಯಿತು. ಕಂಪನಿಗಳ ಕಾಲದಲ್ಲಿ ಹೆಂಗಸರು ನೆಲದ ಮೇಲಿನ ಸಣ್ಣಪುಟ್ಟ ಕೂಲಿಗೆ ಸೀಮಿತರಾದರು.

ಕೋಲಾರಕ್ಕೆ ಬರುವ ಮುನ್ನ ವೈನಾಡಿನ ಮಾತನ್ನು ಎತ್ತದೆ ಇರಲಾಗದು. ಈ ಸಂಚಿಕೆಯ ವಾಚಕರಲ್ಲಿ ಹಲವರು ಆ ಕಡೆಯವರು. ಆಗ್ನೇಯ ವೈನಾಡಿನ ದೇವಾಲ, ಪಂದಲೂರು ಪ್ರದೇಶ 1877ರಲ್ಲಿ ಮಲಬಾರಿನಿಂದ ಬೇರ್ಪಟ್ಟು ನೀಲಗಿರಿಗೆ ಸೇರಿತು. ಅಲ್ಲಿಯ ತೊರೆಗಳಲ್ಲಿ ಕುರುಂಬರೂ ಪಣಿಯರೂ ಹಿಂದಿನಿಂದ ಚಿನ್ನ ತೊಳೆಯುತ್ತಿದ್ದರು. ಆಸ್ಟ್ರೇಲಿಯದ ವಿಕ್ಟೋರಿಯಾದಿಂದ ಬಂದ ಬ್ರೋ ಸ್ಮಿತ್ ಎಂಬ ಗಣಿತಜ್ಞನು (ಇಲ್ಲಿ ಗಣಿತವೆಂದರೆ ಲೆಕ್ಕವಲ್ಲ, ಗಣಿ ಬಲ್ಲವನು ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾದೀತು) ಆಸೆ ಹುಟ್ಟಿಸುವ ವರದಿಯನ್ನು ಕೊಟ್ಟ. 1879ರಿಂದ 1882ರೊಳಗೆ ಲಂಡನ್ನಿನಲ್ಲಿ ಕಂಪನಿಗಳು ಅಣಬೆಗಳಂತೆ ಎದ್ದುವು. ಕಾಫಿ ತೋಟದ ದೊರೆಗಳು ತೋಟಗಳನ್ನು ಗಣಿಯೆಂದು ಮಾರಿ ಲಾಭ ಮಾಡಿಕೊಂಡರು. ಕಲ್ಲಿನಲ್ಲಿ ಚಿನ್ನ ಇದ್ದದ್ದು ಅತ್ಯಲ್ಪ. ಮೂರು ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ತುಕ್ಕು ಹಿಡಿದ ಯಂತ್ರಗಳು ಕಾಡಿನಲ್ಲಿ ಉಳಿದುವು.

ವೈನಾಡಿನ ಕಾಫಿ ತೋಟಗಳಿಗೆ ಮೈಸೂರು ಕಡೆಯಿಂದ ಮೇಸ್ತ್ರಿಗಳ ಮೂಲಕ ಮುಂಗಡ ಪಡೆದು ಕನ್ನಡ ಕೂಲಿಗಳು ಘಟ್ಟದ ದಾರಿಯಲ್ಲಿ ಹೋಗುತ್ತಿದ್ದುದು ಎಲ್ಲರಿಗೂ ತಿಳಿದದ್ದೇ. ಅಂದರೆ ಕನ್ನಡದ ಬಡವನೂ ಕೆಲಸಕ್ಕಾಗಿ ಗಡಿ ದಾಟಿದವನೇ. ಆತ ದಾಟಿದ್ದು ಪಶ್ಚಿಮಕ್ಕೆ. ಅದೇ ಕಾಲದಲ್ಲಿ ಆರ್ಕಾಟು ಸೀಮೆಯ ಬಡವನು ಪಶ್ಚಿಮಕ್ಕೆ ನಡೆದು ಮೈಸೂರಿನ ಒಳಕ್ಕೆ ಬಂದ. ಗಡಿಯ ಈ ಎರಡು ದಾಟುಗಳನ್ನು ಜೊತೆಯಾಗಿಟ್ಟು ನೋಡಿದರೆ ನಮ್ಮ ಊಟದ ಪಂಕ್ತಿಯ ಮಾತಿನ ಬಿಸಿ ಸ್ವಲ್ಪ ಇಳಿಯುತ್ತದೆ.

ಕೋಲಾರದಲ್ಲಿ ಕಂಪನಿಗಳ ಕಾಲ ತೊಡಗಿದ ಕಥೆಯನ್ನು ಚುಟುಕಾಗಿ ಹೇಳುತ್ತೇವೆ. ಬೆಂಗಳೂರು ದಂಡಿನಲ್ಲಿ ನೆಲಸಿದ್ದ ನಿವೃತ್ತ ಸೈನಿಕ ಮೈಕೇಲ್ ಲವೆಲ್ ವಾರನ್ನನ ಹಳೆಯ ಬರಹವನ್ನು ಓದಿ, ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ತಿರುಗಾಡಿ, 1873ರಲ್ಲಿ ಸರಕಾರಕ್ಕೆ ಅರ್ಜಿ ಕೊಟ್ಟ. 1875ರಲ್ಲಿ ಹಕ್ಕು ದೊರೆಯಿತು. ಕೈಯಲ್ಲಿ ದುಡ್ಡಿಲ್ಲದೆ ಅದನ್ನು ಬೆರೆಸ್‌ಫೋರ್ಡ್ ಎಂಬ ಸೈನ್ಯಾಧಿಕಾರಿಗೂ ಅವನ ಗೆಳೆಯರಿಗೂ ಒಪ್ಪಿಸಿದ. ವೈನಾಡಿನ ಹುಚ್ಚಿನ ಕಾಲದಲ್ಲೇ ಇಲ್ಲಿಯೂ ಕಂಪನಿಗಳು ಹುಟ್ಟಿ, ಅದೇ ರೀತಿ ಬತ್ತುವ ಹಾದಿ ಹಿಡಿದಿದ್ದುವು. ಮೈಸೂರು ಕಂಪನಿಯ ಬಂಡವಾಳ ಬಹುತೇಕ ಕರಗಿದಾಗ, ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕೊನೆಯ ಪ್ರಯತ್ನವೆಂದು ಪ್ಲಮ್ಮರ್ ಎಂಬ ಗಣಿಗಾರನನ್ನು ಕಳಿಸಿತು. ಆತ ಪುರಾತನರ ಗುಂಡಿಗಳ ಕೆಳಕ್ಕೇ ಅಗೆಸಿದ. 1885ರ ಸುಮಾರಿಗೆ ಚಾಂಪಿಯನ್ ಪದರ ಸಿಕ್ಕಿತು. ಊರ ಹೊರಗಿನ ಕೇರಿಯವರು ಹಿಂದೆ ತೋಡಿಟ್ಟ ಗುಂಡಿಗಳೇ ದಾರಿ ತೋರಿದುವೆಂಬುದನ್ನು ಕಂಪನಿಯ ಕೀರ್ತಿಯನ್ನು ಹಾಡುವವರು ಅಷ್ಟಾಗಿ ಹೇಳುವುದಿಲ್ಲ.

ಚಿನ್ನ ಸಿಕ್ಕಿದ ಮೇಲೆ ಬೇಕಾದುದು ಕೈಗಳು. ಅವು ಎಷ್ಟು ವೇಗದಲ್ಲಿ ಬಂದುವೆಂಬುದಕ್ಕೆ ಜನಗಣತಿಯೇ ಸಾಕ್ಷಿ. 1891ರಲ್ಲಿ ಗಣಿ ಪ್ರದೇಶದ ಜನಸಂಖ್ಯೆ 7,085. 1901ರಲ್ಲಿ 38,204. ಹತ್ತು ವರ್ಷಗಳಲ್ಲಿ ಐದು ಪಾಲಿಗೂ ಮಿಕ್ಕ ಬೆಳವಣಿಗೆ. ಪಾಳು ನೆಲ, ಮುಳ್ಳು ಪೊದೆ ಇದ್ದಲ್ಲಿ ಮೈಸೂರು ಸಂಸ್ಥಾನದ ದೊಡ್ಡ ಪಟ್ಟಣಗಳಲ್ಲೊಂದು ಎದ್ದು ನಿಂತಿತು. ಇವರಲ್ಲಿ ಬಹುಭಾಗ ಸಂಸ್ಥಾನದ ಹೊರಗೆ ಹುಟ್ಟಿದವರು: ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳ ತಮಿಳರು, ಚಿತ್ತೂರು ಕಡೆಯ ತೆಲುಗರು. ನಮ್ಮ ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳು ಆಗ ಸೇಲಂ ಜಿಲ್ಲೆಗೇ ಸೇರಿದ್ದುವು. ಗಣಿಯು ಆ ತಾಲ್ಲೂಕುಗಳಿಗೆ ಒಂದೆರಡು ದಿನಗಳ ನಡೆಯ ದೂರ.

ಹತ್ತಿರದ ಹಳ್ಳಿಗಳ ಕನ್ನಡ, ತೆಲುಗು ರೈತರು ಏಕೆ ಬಾವಿಗೆ ಇಳಿಯಲಿಲ್ಲ? ಸೋಮಾರಿತನವೆಂದು ಅಂದಿನ ದೊರೆಗಳು ಬರೆದಿಟ್ಟರೆ ನಾವು ನಂಬಬೇಕಾಗಿಲ್ಲ. ಕಾರಣಗಳು ಹಲವು. 1876ರಿಂದ 78ರವರೆಗಿನ ಮಹಾಕ್ಷಾಮ ಮೈಸೂರನ್ನು ಬರಿದು ಮಾಡಿತ್ತು. 1871ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಗಣಿ ತೆರೆಯುವ ಹೊತ್ತಿಗೆ ಸರಿಯಾಗಿ ನೆಲ ಉಳುವುದಕ್ಕೇ ಆಳು ಸಾಲದೆ ಇದ್ದ ಕಾಲವದು. ಬದುಕುಳಿದ ಸಣ್ಣ ರೈತನಿಗೆ ಕೋಲಾರದ ಕೆರೆಗಳ ಹಿಂದೆ ಒಂದು ತುಂಡು ಗದ್ದೆಯೋ ರಾಗಿಯ ಹೊಲವೋ ಇದ್ದೀತು. ಅದನ್ನು ಬಿಟ್ಟು ನೆಲದ ಕೆಳಗೆ ಕತ್ತಲಲ್ಲಿ ಸಿಡಿಮದ್ದಿನ ಹೊಗೆ ಕುಡಿಯಲು ಹೋಗುವ ಅಗತ್ಯ ಅವನಿಗೆ ಕಾಣಲಿಲ್ಲ.

ಆರ್ಕಾಟು ಕಡೆಯಿಂದ ಬಂದವನ ಪರಿಸ್ಥಿತಿ ಬೇರೆ. ಅವರಲ್ಲಿ ಬಹುಮಂದಿ ಪರೈಯರೇ ಮೊದಲಾದ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜಾತಿಗಳವರು. ಮುಂದೆ ತಮ್ಮನ್ನು ಆದಿದ್ರಾವಿಡರೆಂದು ಕರೆದುಕೊಂಡವರು. ಸ್ವಂತ ನೆಲವಿಲ್ಲ. ಭೂಮಾಲಿಕನಲ್ಲಿ ತಲೆಮಾರುಗಳಿಂದ ಸಾಲದ ಆಳುಗಾರಿಕೆ. ಕ್ಷಾಮ ಅವರನ್ನೂ ಕಿತ್ತೆಬ್ಬಿಸಿತ್ತು. ಅಂಥವನಿಗೆ ಗಣಿಯ ಕೂಲಿ ದುಡ್ಡಿನ ರೂಪದಲ್ಲಿ ಕೈಗೆ ಬರುವುದೇ ಒಂದು ಹೊಸ ಸಂಗತಿ. ಬಾವಿಯೊಳಗೆ ಅಪಾಯವುಂಟು, ನಿಜ. ಆದರೆ ಮೇಲೆ ಬಂದ ಮೇಲೆ ಗೌಡನ ಚಾವಡಿಯ ಮುಂದೆ ತಲೆವಸ್ತ್ರ ಬಿಚ್ಚಿ ನಿಲ್ಲಬೇಕಾಗಿರಲಿಲ್ಲ. ಈ ದೃಷ್ಟಿಯಿಂದ ನೋಡದೆ "ಪರನಾಡಿನವರು ಬಂದು ನಮ್ಮ ಕೆಲಸ ಕಿತ್ತುಕೊಂಡರು" ಎನ್ನುವುದು ಇತಿಹಾಸವಲ್ಲ. ಬೇರೆಯವರಿಗೆ ಬೇಡವಾದ ಕೆಲಸವನ್ನು ಬೇರೆ ಗತಿಯಿಲ್ಲದವರು ಹಿಡಿದರು, ಅಷ್ಟೇ.

ಕೂಲಿಯನ್ನು ಗೊತ್ತುಮಾಡುವ ರೀತಿಯನ್ನೂ ಗಮನಿಸಬೇಕು. ಮೊದಲ ದಶಕಗಳಲ್ಲಿ ಹೆಚ್ಚಿನವರಿಗೆ ಕಂಪನಿಯೊಡನೆ ನೇರ ಸಂಬಂಧವೇ ಇರಲಿಲ್ಲ. ಗುತ್ತಿಗೆದಾರನು ಇಷ್ಟು ಅಗೆತಕ್ಕೆ ಇಷ್ಟು ಎಂದು ಕಂಪನಿಯೊಡನೆ ಒಪ್ಪಿಕೊಳ್ಳುವನು. ಅವನ ಕೈಕೆಳಗೆ ಮೇಸ್ತ್ರಿ. ಮೇಸ್ತ್ರಿ ತನ್ನ ಊರಿಗೆ ಹೋಗಿ, ತನ್ನ ನಂಟರಿಗೆ, ಕೇರಿಯವರಿಗೆ ಮುಂಗಡ ಕೊಟ್ಟು ಕರೆತರುವನು. ಹೀಗಾಗಿ ಒಂದು ಊರಿನವರು ಒಂದು ತಂಡ, ಒಂದು ಲೈನು. ಈ ಪದ್ಧತಿಯಲ್ಲಿ ಮೊದಲು ಬಂದವರ ಬಳಗವೇ ಬೆಳೆಯುತ್ತದೆ. ಹೊಸಬರಿಗೆ, ಬೇರೆ ಮಾತಿನವರಿಗೆ, ಬಾಗಿಲು ತಾನಾಗಿ ಮುಚ್ಚುತ್ತದೆ. ಕನ್ನಡ ಹಳ್ಳಿಯ ಹುಡುಗನಿಗೆ ಮುಂದೆ ಮನಸ್ಸಾದಾಗಲೂ ಕರೆದುಕೊಂಡು ಹೋಗುವ ಮೇಸ್ತ್ರಿ ಇರಲಿಲ್ಲ. ಇದರಲ್ಲಿ ತಮಿಳರ ಹುನ್ನಾರವೂ ಇಲ್ಲ, ಕನ್ನಡಿಗರ ಹೇಡಿತನವೂ ಇಲ್ಲ. ಕಂಪನಿಗೆ ಅಗ್ಗವಾಗಿ, ಹೊಣೆಯಿಲ್ಲದೆ, ಆಳು ಸಿಕ್ಕುವ ಹಾದಿ ಇದಾಗಿತ್ತು.

ಕೂಲಿ ಲೈನುಗಳೆಂದರೆ ಬಿದಿರು ತಟ್ಟಿಯ ಸಾಲುಗುಡಿಸಲುಗಳು. ಒಂದು ಕೋಣೆಯಲ್ಲಿ ಒಂದು ಸಂಸಾರ, ಅದರೊಡನೆ ಊರಿಂದ ಬಂದ ನಂಟರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಗಣಿ ಪ್ರದೇಶವನ್ನೂ ಬಿಡಲಿಲ್ಲ. ಅನಂತರ ಯೋಜನೆಯ ಮೇಲೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಬೆಳೆದುವು. ಪಾಲಾರಿನ ನೀರು ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಬಂದಿತು. ಆದರೂ ತಟ್ಟಿಯ ಲೈನುಗಳು ತಲೆಮಾರುಗಳವರೆಗೆ ಉಳಿದುವು.

ಹೀಗಿದ್ದ ಲೈನುಗಳೊಳಗಿಂದಲೇ ವಿದ್ಯೆಯ ಹಂಬಲ ಎದ್ದಿತೆಂಬುದನ್ನು ಉಪಾಧ್ಯಾಯರಾದ ನಾವು ಮರೆಯಬಾರದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಪಂಡಿತ ಅಯೋತಿದಾಸರ ಬೌದ್ಧ ಚಳವಳಿಯ ಶಾಖೆ ಮಾರಿಕುಪ್ಪದಲ್ಲಿ ನೆಲೆಗೊಂಡಿತು. ಜಾತಿಯನ್ನು ಒಪ್ಪದ ಧರ್ಮವೊಂದನ್ನು ಗಣಿಯ ಕೂಲಿಕಾರರು ತಾವಾಗಿ ಆರಿಸಿಕೊಂಡರು. ಓದು ಬರಹಕ್ಕೆ ಬೆಲೆ ಬಂತು. ಹಗಲೆಲ್ಲ ಬಂಡೆ ಕೊರೆದವನು ರಾತ್ರಿ ಪತ್ರಿಕೆ ಓದಿಸಿ ಕೇಳುತ್ತಿದ್ದ.

ಹಾಗಾದರೆ ಕನ್ನಡ, ತೆಲುಗು ಹಳ್ಳಿಗರಿಗೆ ಗಣಿಯಿಂದ ಏನೂ ದೊರೆಯಲಿಲ್ಲವೆ? ದೊರೆಯಿತು, ಆದರೆ ನೆಲದ ಮೇಲೆ. ಉಗಿಯಂತ್ರಗಳ ಕಾಲದಲ್ಲಿ ಕಲ್ಲಿದ್ದಲಿನ ಜೊತೆಗೆ ಸೌದೆಯೂ ಉರಿಯುತ್ತಿತ್ತು. ಸುತ್ತಲ ಕಾಡುಗಳಿಂದ ಸೌದೆ ಕಡಿಯುವುದು, ಗಾಡಿ ಹೊಡೆಯುವುದು, ಬಾವಿಗೆ ಊರೆಗಟ್ಟಲು ಮರ ತರುವುದು, ಇಟ್ಟಿಗೆ ಸುಡುವುದು, ಹಾಲು, ತರಕಾರಿ, ಹುಲ್ಲು ಮಾರುವುದು ಇವೆಲ್ಲ ರೈತರ ಕೈಯಲ್ಲಿದ್ದುವು. ಬೇಸಾಯ ಬಿಡದೆ, ಎತ್ತು ಗಾಡಿಯೊಡನೆ ಹೋಗಿ ಬಂದು ಮಾಡಬಹುದಾದ ಕೆಲಸ. ಈ ಸಂಪಾದನೆಗೆ ಪೆಟ್ಟು ಬಿದ್ದದ್ದು ಎರಡು ಸಲ. ಮೊದಲನೆಯದು 1894ರಲ್ಲಿ. ಆ ವರ್ಷ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ಹತ್ತು ಮೈಲಿಯ ರೈಲು ದಾರಿ ಹಾಕಿದರು. ದೂರದ ಸಾಮಾನು ಸಾಗಿಸುವ ಗಾಡಿಗಳು ನಿಂತುವು. ಎರಡನೆಯದು 1902ರ ಜೂನ್ 30ರಂದು. ಆ ದಿನ ಶಿವನಸಮುದ್ರದ ವಿದ್ಯುತ್ತು 92 ಮೈಲಿಗಳ ತಂತಿಯ ಮೇಲೆ ಗಣಿಗೆ ಹರಿಯಿತು. ಭಾರತದ ಹೆಮ್ಮೆಯ ದಿನವೆಂದು ನಾವೆಲ್ಲ ಪಾಠ ಹೇಳುತ್ತೇವೆ, ಹೇಳಲೂಬೇಕು. ಆದರೆ ಅಂದಿನಿಂದ ಸೌದೆಯ ಗಾಡಿಗಳ ಸಾಲು ಕರಗುತ್ತ ಬಂದದ್ದನ್ನು ಯಾವ ಪಾಠದಲ್ಲೂ ಬರೆದಿಲ್ಲ. ದೀಪ ಮೊದಲು ಹತ್ತಿದ್ದು ಗಣಿಗೆ. ತಂತಿ ಹಾದುಹೋದ ಹಳ್ಳಿಗಳು ಎಷ್ಟೋ ಕಾಲ ಹರಳೆಣ್ಣೆ, ಸೀಮೆಎಣ್ಣೆಯ ದೀಪದಲ್ಲೇ ಉಳಿದುವು.

ಗಣಿಯೊಳಗಿನ ಉದ್ಯೋಗ ಒಂದು ಏಣಿಯಂತಿತ್ತು, ಆದರೆ ಹತ್ತಲಾಗದ ಏಣಿ. ಮೇಲುಗಡೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಬಂದ ಗಣಿಗಾರರು. ಅಲ್ಲಿಯ ತವರದ ಗಣಿಗಳು ಸೊರಗುತ್ತಿದ್ದುದರಿಂದ ಆ ಜನ ಲೋಕದ ಮೂಲೆಮೂಲೆಗೆ ಚದರಿದ್ದರು. ಅವರಂತೆಯೇ ಇಟಲಿಯವರು ಕೆಲವರು. ನಡುವೆ ಆಂಗ್ಲೋ ಇಂಡಿಯನ್ನರು. ಚಿನ್ನದ ಕಳ್ಳತನ ತಡೆಯುವ ಕಾವಲಿಗೆ ಪಂಜಾಬಿನವರು. ತಳದಲ್ಲಿ ತಮಿಳು, ತೆಲುಗಿನ ಕೂಲಿಕಾರ. ಬಣ್ಣದ ಮೇಲೆ, ಹುಟ್ಟಿನ ಮೇಲೆ ಸಂಬಳ ನಿಂತಿತ್ತು. ಇಪ್ಪತ್ತು ವರ್ಷ ಬಂಡೆಯ ಮರ್ಮ ಕಲಿತ ಕೂಲಿಯವನೂ ಮೇಲಿನ ಮೆಟ್ಟಿಲು ತುಳಿಯುವಂತಿರಲಿಲ್ಲ. ಮೈಸೂರು ಸರಕಾರಕ್ಕೆ ಚಿನ್ನದ ಮೇಲೆ ನೂರಕ್ಕೆ ಐದರಂತೆ ರಾಯಧನ ಸಲ್ಲುತ್ತಿತ್ತು. ಸಂಸ್ಥಾನದ ಬೊಕ್ಕಸಕ್ಕೆ ಅದು ಸಣ್ಣ ವರಮಾನವಲ್ಲ. ಆದುದರಿಂದಲೇ ಕೂಲಿಕಾರರ ವಿಷಯದಲ್ಲಿ ಸರಕಾರ ಕಂಪನಿಯ ಮನಸ್ಸನ್ನು ನೋಯಿಸಲು ಹಿಂಜರಿಯಿತೆಂದು ನಮಗೆ ತೋರುತ್ತದೆ.

ಇನ್ನು ಸಂಖ್ಯೆಯ ಏರಿಳಿತ. ಚಿನ್ನದ ಉತ್ಪತ್ತಿ 1905ರ ಸುಮಾರಿಗೆ ತುತ್ತತುದಿ ಮುಟ್ಟಿ ಅನಂತರ ಇಳಿಮುಖವಾಯಿತು. ಆದರೆ ಕೂಲಿಕಾರರ ಸಂಖ್ಯೆ ಅದರ ಜೊತೆಯಲ್ಲೇ ಇಳಿಯಲಿಲ್ಲ. ಶತಮಾನದ ಮೊದಲ ದಶಕಗಳಲ್ಲಿ ಅದು ಇಪ್ಪತ್ತೈದು ಸಾವಿರವನ್ನು ಮೀರಿತ್ತು, ಮೂವತ್ತು ಸಾವಿರದ ಹತ್ತಿರಕ್ಕೂ ಹೋಗಿತ್ತು. ಚಿನ್ನ ಕಡಮೆಯಾದರೂ ಆಳು ಕಡಮೆಯಾಗದೆ ಇದ್ದುದಕ್ಕೆ ಕಾರಣ ಸರಳ. ಪದರ ಕೆಳಗಿಳಿದಷ್ಟೂ ಅದೇ ತೂಕದ ಚಿನ್ನಕ್ಕೆ ಹೆಚ್ಚು ಕಲ್ಲು ಒಡೆಯಬೇಕು, ಹೆಚ್ಚು ದೂರ ಎತ್ತಬೇಕು, ಊರೆ ಹೆಚ್ಚು ಕಟ್ಟಬೇಕು, ಗಾಳಿ ಹೆಚ್ಚು ತಳ್ಳಬೇಕು. ತೀರ ಆಳದಲ್ಲಿ ಬಂಡೆಯ ಬಿಸಿ ಕೈಯಿಡಲಾರದಷ್ಟಿತ್ತು. ತಂಪು ಗಾಳಿಯನ್ನು ಕೆಳಕ್ಕೆ ಕಳಿಸುವ ಯಂತ್ರಗಳನ್ನು 1930ರ ದಶಕದಲ್ಲಿ ಚಾಂಪಿಯನ್ ರೀಫ್ಸಿನಲ್ಲಿ ಕೂಡಿಸಿದರು. ಒತ್ತಡ ತಾಳಲಾರದೆ ಬಂಡೆ ತಾನಾಗಿ ಸಿಡಿಯುವುದಕ್ಕೆ ಅಲ್ಲಿಯವರು 'ಬಂಡೆ ಸಿಡಿತ' ಎಂದರು. ಮೇಲೆ ಊರಿನಲ್ಲಿ ಮನೆ ನಡುಗಿದೊಡನೆ ಹೆಂಗಸರು ಬಾವಿಯ ಬಾಯಿಗೆ ಓಡುತ್ತಿದ್ದರು.

ಬಂಡೆ ಸಿಡಿತ ಎಲ್ಲರಿಗೂ ಕೇಳಿಸುತ್ತದೆ. ಕೇಳಿಸದ ಸಾವು ಇನ್ನೊಂದಿತ್ತು. ಕಲ್ಲಿನ ಧೂಳು ಎದೆಯಲ್ಲಿ ಕೂತು ಬರುವ ಸಿಲಿಕೋಸಿಸ್ ಎಂಬ ರೋಗ. 1940ರ ದಶಕದಲ್ಲಿ ವೈದ್ಯರು ಸಾವಿರಾರು ಕೂಲಿಕಾರರ ಎದೆಯನ್ನು ಕ್ಷಕಿರಣದಿಂದ ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದರ ಗುರುತು ಕಂಡಿತು. ಅದಕ್ಕೆ ಮೊದಲು ಅರ್ಧ ಶತಮಾನದಲ್ಲಿ ಕೆಮ್ಮುತ್ತ ಊರಿಗೆ ಹಿಂದಿರುಗಿ, ಆರ್ಕಾಟಿನ ಹಳ್ಳಿಗಳಲ್ಲಿ ಕಣ್ಮುಚ್ಚಿದವರು ಯಾವ ಲೆಕ್ಕಕ್ಕೂ ಬರಲಿಲ್ಲ. ಗಣಿಯ ಕೂಲಿಕಾರ ಬೇಸಾಯದ ಕಾಲಕ್ಕೆ ಊರಿಗೆ ಹೋಗುತ್ತಾನೆ, ನಿಂತು ದುಡಿಯುವವನಲ್ಲ ಎಂಬ ಕಂಪನಿಯ ದೂರನ್ನು ಓದುವಾಗ ಈ ಸಂಗತಿಯನ್ನೂ ನೆನಪಿಡಬೇಕು.

ಕೂಲಿಕಾರ ನಿಂತವನಾದದ್ದು, ಅಂದರೆ ಗಣಿಯೇ ತನ್ನ ಊರೆಂದು ತಿಳಿದದ್ದು, 1930ರಲ್ಲಿ ಎಲ್ಲರಿಗೂ ಗೊತ್ತಾಯಿತು. ಆ ವರ್ಷದ ಏಪ್ರಿಲಿನಲ್ಲಿ ಕಂಪನಿಗಳು ಪ್ರತಿಯೊಬ್ಬ ಕೂಲಿಕಾರನೂ ಬೆರಳೊತ್ತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಟ್ಟಳೆ ಮಾಡಿದುವು. ಬೆರಳೊತ್ತು ಕಳ್ಳರದು, ಕೈದಿಗಳದು ಎಂದು ಕೂಲಿಕಾರರು ಸಿಡಿದೆದ್ದರು. ಒಂದು ಗಣಿಯಲ್ಲಿ ಬಿಟ್ಟವನು ಇನ್ನೊಂದರಲ್ಲಿ ಸೇರದಂತೆ ಮಾಡುವ ಉಪಾಯವಿದು ಎಂಬುದೂ ಅವರಿಗೆ ಹೊಳೆಯದೆ ಇರಲಿಲ್ಲ. ಸಂಘವಿಲ್ಲ, ಹೆಸರುವಾಸಿ ಮುಂದಾಳಿಲ್ಲ. ಆದರೂ ಎಲ್ಲ ಗಣಿಗಳ ಸಾವಿರಾರು ಜನ ಸುಮಾರು ಮೂರು ವಾರ ಬಾವಿಗೆ ಇಳಿಯಲಿಲ್ಲ. ಸಂಘ ಕಟ್ಟುವ ಹಕ್ಕು ಮೈಸೂರಿನಲ್ಲಿ ಕಾನೂನಾಗಿ ಬಂದದ್ದು 1941-42ರಲ್ಲಿ. ಆಮೇಲೆ ಕೆ. ಎಸ್. ವಾಸನ್ ಮೊದಲಾದ ಕಮ್ಯುನಿಸ್ಟ್ ಮುಂದಾಳುಗಳ ಹಿಂದೆ ಗಣಿಯ ಕಾರ್ಮಿಕರು ನಿಂತರು. 1946ರ ಮುಷ್ಕರದ ವರ್ಷ, ನವೆಂಬರ್ 4ರಂದು, ಪೋಲೀಸರ ಗುಂಡಿಗೆ ಆರು ಮಂದಿ ಬಲಿಯಾದರು. ಆ ಆರು ಮಂದಿಯ ನೆನಪನ್ನು ಗಣಿಯ ಜನ ವರ್ಷವರ್ಷವೂ ಮಾಡುತ್ತ ಬಂದಿದ್ದಾರೆ.

ಸ್ವಾತಂತ್ರ್ಯದ ಅನಂತರದ ಘಟ್ಟ ಏಕೀಕರಣದೊಡನೆ ಹೆಣೆದುಕೊಂಡಿದೆ. ಕೋಲಾರ ಜಿಲ್ಲೆಯಲ್ಲಿ ತೆಲುಗರು ಹೆಚ್ಚು, ಗಣಿಯಲ್ಲಿ ತಮಿಳರು ಹೆಚ್ಚು ಎಂಬ ವಾದಗಳು ರಾಜ್ಯ ಪುನರ್ವಿಂಗಡಣಾ ಆಯೋಗದವರೆಗೂ ಹೋದುವು. 1955ರ ವರದಿಯಲ್ಲಿ ಆಯೋಗವು ಜಿಲ್ಲೆ ಕನ್ನಡ ರಾಜ್ಯದಲ್ಲೇ ಉಳಿಯಬೇಕೆಂದಿತು. ಹೊಸೂರು, ತಾಳವಾಡಿ, ಮಡಕಶಿರಗಳ ನಮಗೆ ಅಂಥ ತೀರ್ಪು ದೊರೆಯಲಿಲ್ಲ. ಇರಲಿ, ಅದು ಬೇರೆ ಲೇಖನದ ವಿಷಯ. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಹುಟ್ಟಿತು. ಅದೇ ತಿಂಗಳ 28ರಂದು ಗಣಿಗಳು ಆ ರಾಜ್ಯದ ವಶವಾದುವು. 1962ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಗೆ ಅವು ಹೋದುವು.

ಒಡೆತನ ಬದಲಾದರೂ ಬಂಡೆ ಬದಲಾಗಲಿಲ್ಲ. ಅದಿರಿನಲ್ಲಿ ಚಿನ್ನ ತೆಳುವಾಗುತ್ತ ಹೋಯಿತು. ಮೇಲಾಗಿ, ಗಣಿಯ ಚಿನ್ನವನ್ನು ಸರಕಾರ ಪೇಟೆಯ ಧಾರಣೆಗೆ ಕೊಳ್ಳದೆ, ಅದಕ್ಕಿಂತ ಬಹಳ ಕಡಮೆಯಿದ್ದ ಅಂತರರಾಷ್ಟ್ರೀಯ ಅಧಿಕೃತ ಬೆಲೆಗೆ ಹಿಡಿದು ಲೆಕ್ಕ ಹಾಕುತ್ತಿದ್ದ ಕಾಲವೊಂದಿತ್ತು. ಆ ಲೆಕ್ಕದಲ್ಲಿ ಗಣಿಗೆ ನಷ್ಟ ಬಾರದೆ ಇನ್ನೇನು ಬಂದೀತು? ನಷ್ಟವೆಂದ ಮೇಲೆ ಹೊಸ ಆಳು ಬೇಡ. ಸತ್ತವನ, ನಿವೃತ್ತನಾದವನ ಜಾಗ ತುಂಬದೆ ಬಿಡುವುದೇ ಸಂಖ್ಯೆ ಇಳಿಸುವ ಸದ್ದಿಲ್ಲದ ವಿಧಾನವಾಯಿತು. 1964ರಲ್ಲಿ ಹುಟ್ಟಿದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆ ಗಣಿಯ ಮಗ್ಗುಲಲ್ಲೇ ನೆಲೆಗೊಂಡು ಹಲವು ಮನೆಗಳಿಗೆ ಆಸರೆಯಾಯಿತು. ಆದರೆ ಅಲ್ಲಿಗೆ ಬೇಕಾದುದು ಯಂತ್ರದ ಕಸುಬು ಕಲಿತವರು. ಅಲ್ಲಿಯ ಕೆಲಸಕ್ಕೆ ಕರ್ನಾಟಕದ ಇತರ ಭಾಗಗಳಿಂದಲೂ ಜನ ಬಂದರು. ಕನ್ನಡದ ಮಾತು ಆ ಊರಿನಲ್ಲಿ ಹೆಚ್ಚಾಗಿ ಕೇಳಿಸತೊಡಗಿದ್ದು ಆಡಳಿತದ ಕಚೇರಿಗಳ, ಇಂಥ ಕಾರ್ಖಾನೆಗಳ ಮೂಲಕವೇ ಹೊರತು ಬಾವಿಯ ಮೂಲಕ ಅಲ್ಲ.

ಗಡಿಯಾಚೆಯ ಚಿಕ್ಕ ಗಣಿಗಳೂ ಇದೇ ಬಳ್ಳಿಯ ಕಾಯಿಗಳು. ಅನಂತಪುರ ಜಿಲ್ಲೆಯ ರಾಮಗಿರಿಯಲ್ಲಿ ಟೇಲರ್ ಸಂಸ್ಥೆಯವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಣಿ ನಡೆಸಿ ನಿಲ್ಲಿಸಿದ್ದರು. ಭಾರತ್ ಗೋಲ್ಡ್ ಮೈನ್ಸಿನವರು ಅಲ್ಲಿ ಮತ್ತೆ ತೊಡಗಿದರು. ಚಿತ್ತೂರು ಜಿಲ್ಲೆಯ ಬಿಸನತ್ತಂ, ಚಿಗರಗುಂಟೆಗಳಲ್ಲೂ ಅವರದೇ ಕೆಲಸ ನಡೆಯಿತು. ರಾಯಚೂರಿನ ಹಟ್ಟಿಯದು ಮಾತ್ರ ಬೇರೆ ಕಥೆ. ನಿಜಾಮರ ರಾಜ್ಯದಲ್ಲಿ ಒಮ್ಮೆ ನಿಂತು 1947ರಲ್ಲಿ ಹೊಸ ಕಂಪನಿಯಾಗಿ ಎದ್ದ ಆ ಗಣಿ, ರಾಜ್ಯ ಸರಕಾರದ ಕೈಯಲ್ಲಿ ಇಂದಿಗೂ ಚಿನ್ನ ಕೊಡುತ್ತಿದೆ.

ಕೋಲಾರದ ಗಣಿಗಳು ರೋಗಗ್ರಸ್ತ ಉದ್ಯಮವೆಂದು 1992ರಲ್ಲಿ ಕೈಗಾರಿಕಾ ಪುನಶ್ಚೇತನ ಮಂಡಲಿಯ ಮುಂದೆ ಹೋದುವು. 2000ದಲ್ಲಿ ಮುಚ್ಚಬೇಕೆಂಬ ತೀರ್ಮಾನ ಬಂದಿತು. 2001ರ ಫೆಬ್ರವರಿ 28 ಕೊನೆಯ ದಿನ. ಆ ದಿನ ಹಾಜರಿ ಪುಸ್ತಕದಲ್ಲಿ ಉಳಿದಿದ್ದವರು ನಾಲ್ಕು ಸಾವಿರಕ್ಕಿಂತ ಕಡಮೆ. ಮೂವತ್ತು ಸಾವಿರದ ಸಮೀಪದಿಂದ ಇಲ್ಲಿಗೆ ಇಳಿಯಲು ಹಿಡಿದದ್ದು ಒಂದು ಶತಮಾನ. ಕೊನೆಯ ಮೆಟ್ಟಿಲು ಮಾತ್ರ ಒಂದೇ ದಿನದ್ದು. ನೀರೆತ್ತುವ ಪಂಪುಗಳು ನಿಂತುವು, ಬಾವಿಗಳು ತುಂಬಿದುವು. ಕಲ್ಲಿನ ಪುಡಿಯ ಬೆಟ್ಟಗಳು, ಅಲ್ಲಿಯವರ ಮಾತಿನ ಸೈನೈಡ್ ದಿಬ್ಬಗಳು, ಮೂರು ಕೋಟಿ ಟನ್ನಿಗೂ ಹೆಚ್ಚಾಗಿ ಊರ ನಡುವೆ ಉಳಿದುವು. ಬಿಸಿಲುಗಾಲದಲ್ಲಿ ಅದರ ಧೂಳು ಮನೆಮನೆಯ ಅನ್ನದ ಮೇಲೆ ಬೀಳುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಕೂಲಿ ಪರನಾಡಿನವರದಾಯಿತು ಎನ್ನುವವರು ಯಾವ ಕಾಲದ ಪರನಾಡನ್ನು ಕುರಿತು ಹೇಳುತ್ತಾರೆ? 1890ರಲ್ಲಿ ಬಂದವನ ಮೊಮ್ಮಗನ ಮಗನಿಗೆ ಆರ್ಕಾಟಿನ ಊರಿನ ಹೆಸರಷ್ಟೇ ಗೊತ್ತು. ಅವನು ಮನೆಯಲ್ಲಿ ತಮಿಳನ್ನು, ಕಚೇರಿಯಲ್ಲಿ ಕನ್ನಡವನ್ನು ಆಡುತ್ತಾನೆ. ತನ್ನ ಮಕ್ಕಳಿಗೆ ತಾಯ್ನುಡಿಯ ಶಾಲೆ ಉಳಿಯಬೇಕೆಂದು ಅರ್ಜಿ ಬರೆಯುತ್ತಾನೆ. ಆ ಅರ್ಜಿಯ ಒಕ್ಕಣೆ ನಮಗೆ ಅಪರಿಚಿತವಲ್ಲ. ಹೊಸೂರಿನಲ್ಲಿ, ತಾಳವಾಡಿಯಲ್ಲಿ, ಕಾಸರಗೋಡಿನಲ್ಲಿ, ಅಕ್ಕಲಕೋಟೆಯಲ್ಲಿ ನಾವು ಬರೆಯುವ ಅರ್ಜಿಯೂ ಅದೇ. ನಮಗೆ ಅಲ್ಲಿ ನ್ಯಾಯವೆಂದು ತೋರುವುದು ಅವನಿಗೆ ಇಲ್ಲಿ ಅನ್ಯಾಯವಾಗುವುದು ಹೇಗೆ? ನಮ್ಮಲ್ಲಿ ಕೆಲವರು ಈ ಮಾತಿಗೆ ಮುನಿಯಬಹುದು. ನಾವು ಗಡಿಯಾಚೆ ಶತಮಾನಗಳಿಂದ ನೆಲದ ಮೇಲೆ ನಿಂತವರು, ಅವರು ಕೂಲಿಗೆ ಬಂದವರು ಎಂಬ ಭೇದವನ್ನು ಎತ್ತಬಹುದು. ನೂರಿಪ್ಪತ್ತು ವರ್ಷ ಒಂದೇ ಬಾವಿಯಲ್ಲಿ ಇಳಿದು ಹತ್ತಿದವರಿಗೆ ಆ ನೆಲದ ಮೇಲೆ ಎಷ್ಟು ಹಕ್ಕೆಂದು ಅಂಥವರೇ ಹೇಳಲಿ.

ಗಣಿ ಮುಚ್ಚಿದ ಮೇಲೆ ಅಲ್ಲಿಯ ಜನ ಆರ್ಕಾಟಿಗೆ ಹಿಂದಿರುಗಲಿಲ್ಲ. ಕಂಪನಿಯ ಮನೆಗಳಲ್ಲೇ ಉಳಿದು ಬೇರೆ ಕೆಲಸ ಹುಡುಕಿದರು. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪದಿಂದ ರೈಲು ಹೊರಡುತ್ತದೆ. ಕೂಲಿಕಾರರನ್ನೂ ಯಂತ್ರಗಳನ್ನೂ ಗಣಿಗೆ ತರಲೆಂದು 1894ರಲ್ಲಿ ಹಾಕಿದ ಆ ಹತ್ತು ಮೈಲಿಯ ದಾರಿಯ ಮೇಲೆಯೇ, ಸಾವಿರಾರು ಗಂಡಸರೂ ಹೆಂಗಸರೂ ಬುತ್ತಿ ಹಿಡಿದು ಬಂಗಾರಪೇಟೆಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ, ಕಟ್ಟಡಗಳಲ್ಲಿ, ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ದುಡಿದು, ರಾತ್ರಿ ಮತ್ತೆ ಅದೇ ರೈಲಿನಲ್ಲಿ ಮಾರಿಕುಪ್ಪಕ್ಕೆ ಬಂದಿಳಿಯುತ್ತಾರೆ.